ಇನ್ನೂರು ರೂಪಾಯಿಯ ಜಗಳ, ಮಂಗಳವಾರದ ಖಾಲಿ ಆಟ

ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಎಂಬ ಸುದ್ದಿ ಬಂತು. ಹನ್ನೊಂದು ದಿನಕ್ಕೆ ತಡೆಯಾಜ್ಞೆ ಬಂತು. ಆಮೇಲೆ ಮೇಲ್ಮನವಿ, ಸುಪ್ರೀಂ ಕೋರ್ಟು. ನಮ್ಮ ಉತ್ತರ ಕನ್ನಡದ ಶಿರಸಿ, ಕುಮಟಾ, ಕಾರವಾರದ ಕಡೆಯವರು ಈ ಸುದ್ದಿ ಓದಿ ಎರಡು ಪ್ರಶ್ನೆ ಕೇಳುತ್ತಿದ್ದಾರೆ. ಸಣ್ಣ ಊರಿನ ಒಂಟಿ ಪರದೆಯ ಟಾಕೀಸಿನಲ್ಲಿ ದರ ಸಾಮಾನ್ಯವಾಗಿ 200ರ ಹತ್ತಿರವೂ ಹೋಗುವುದಿಲ್ಲ, ಹಾಗಿದ್ದ ಮೇಲೆ ಈ ನಿಯಮದಿಂದ ನಮಗೇನು? ದರ ಇಷ್ಟು ಕಡಿಮೆ ಇದ್ದೂ ಟಾಕೀಸುಗಳು ಬಾಗಿಲು ಹಾಕುತ್ತಿರುವುದು ಯಾಕೆ?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ನೇರವಾಗಿ ಏನೂ ಇಲ್ಲ. ಎರಡನೆಯದಕ್ಕೆ ಉತ್ತರ ಟಿಕೆಟ್ ದರದಲ್ಲಿಲ್ಲ, ವಾರದ ನಡುವಿನ ಖಾಲಿ ಆಟಗಳಲ್ಲಿದೆ. ಆ ಖಾಲಿ ಆಟದ ಮೇಲೆ ಯಾರಿಗೆ ಹಕ್ಕು, ಅದನ್ನು ಊರಿನವರು ಬಳಸಿಕೊಳ್ಳಲು ಏನು ಅಡ್ಡಿ ಎಂಬುದನ್ನು ಬಿಡಿಸಿ ನೋಡದೆ ಟಾಕೀಸಿನ ಉಳಿವಿನ ಮಾತು ಮುಂದೆ ಹೋಗುವುದಿಲ್ಲ.

ಆದೇಶದಲ್ಲಿ ಇದ್ದದ್ದೇನು

ರಾಜ್ಯದ ಎಲ್ಲ ಚಿತ್ರಮಂದಿರಗಳಲ್ಲಿ, ಮಲ್ಟಿಪ್ಲೆಕ್ಸ್ ಸೇರಿ, ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ ಬಜೆಟ್ಟಿನಲ್ಲಿ ಹೇಳಿದರು. ಜುಲೈನಲ್ಲಿ ಕರಡು ಬಂತು, ಸೆಪ್ಟೆಂಬರ್ 12ರಂದು ಅಂತಿಮ ಅಧಿಸೂಚನೆ. ಈ 200 ತೆರಿಗೆ ಬಿಟ್ಟ ದರ. ಶೇ 18 ಜಿಎಸ್‌ಟಿ ಸೇರಿದರೆ ಪ್ರೇಕ್ಷಕ ಕೊಡುವುದು 236. ಬಹುಪರದೆಯ ಸಂಕೀರ್ಣಗಳಲ್ಲಿ 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. 2017ರಲ್ಲೂ ರಾಜ್ಯ ಇದೇ 200ರ ಮಿತಿಗೆ ಕೈ ಹಾಕಿತ್ತು, ಆದ್ದರಿಂದ ಈ ಅಂಕಿ ಹೊಸದಲ್ಲ.

ಸೆಪ್ಟೆಂಬರ್ 23ರಂದು ಹೈಕೋರ್ಟಿನ ಏಕಸದಸ್ಯ ಪೀಠ ಮಧ್ಯಂತರ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋದಾಗ ವಿಭಾಗೀಯ ಪೀಠ ಮಲ್ಟಿಪ್ಲೆಕ್ಸ್‌ಗಳಿಗೆ ಒಂದು ಷರತ್ತು ಹಾಕಿತು: ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಬೇಕು, ಮುಂದೆ ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ಮರಳಿಸಲು ಬರುವಂತಿರಬೇಕು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತಿಗೂ ತಡೆ ಕೊಟ್ಟಿತು.

ಯಾರ ವಾದ ಏನು

ಸರ್ಕಾರ ಮತ್ತು ಚಲನಚಿತ್ರ ವಾಣಿಜ್ಯ ಮಂಡಳಿಯ ಕಡೆಯ ವಾದ ಇಷ್ಟು: ಕುಟುಂಬವೊಂದು ಸಿನಿಮಾಕ್ಕೆ ಹೋಗುವ ಖರ್ಚು ಕೈಮೀರಿದೆ, ದೊಡ್ಡ ಬಜೆಟ್ಟಿನ ಪರಭಾಷಾ ಚಿತ್ರಗಳು ಬಿಡುಗಡೆಯ ವಾರ ದರ ಏರಿಸಿ ಜೇಬು ಖಾಲಿ ಮಾಡಿದ ಮೇಲೆ ಕನ್ನಡದ ಸಣ್ಣ ಚಿತ್ರಕ್ಕೆ ಪ್ರೇಕ್ಷಕನ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ಮಲ್ಟಿಪ್ಲೆಕ್ಸ್ ಸಂಘ ಮತ್ತು ದೊಡ್ಡ ನಿರ್ಮಾಣ ಸಂಸ್ಥೆಗಳು ಹೇಳುವುದು ಬೇರೆ: ಪರವಾನಗಿ, ಸುರಕ್ಷತೆಗೆಂದು ಮಾಡಿದ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಬೆಲೆ ನಿಗದಿಯ ಅಧಿಕಾರ ಸರ್ಕಾರಕ್ಕಿಲ್ಲ, ಇದು ಸಂವಿಧಾನದ 19(1)(ಜಿ) ವಿಧಿ ಕೊಟ್ಟ ವ್ಯಾಪಾರದ ಹಕ್ಕಿಗೆ ಅಡ್ಡ.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ಬೆಂಗಳೂರಿನ ಮಾಲ್ ಅನ್ನು ಕಣ್ಣ ಮುಂದೆ ಇಟ್ಟುಕೊಂಡು ಹುಟ್ಟಿದವು. ಅಲ್ಲಿ ಶನಿವಾರ ಸಂಜೆಯ ಟಿಕೆಟ್ ಎಷ್ಟಿರಬೇಕು ಎಂಬುದು ಪ್ರಶ್ನೆ. ಶಿರಸಿಯಲ್ಲಿ ಮಂಗಳವಾರ ಮಧ್ಯಾಹ್ನದ ಆಟ ನಡೆಯುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆ.

ನಮ್ಮ ಕಡೆ ಕಚ್ಚುವುದು 100 ರೂಪಾಯಿಯ ಗೆರೆ

ತಡೆಯಾಜ್ಞೆಯ ಗದ್ದಲದಲ್ಲಿ ಅದರ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಜಾರಿಗೆ ಬಂದ ಇನ್ನೊಂದು ಬದಲಾವಣೆ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 100ರ ಮೇಲೆ ಹಿಂದಿನಂತೆ ಶೇ 18. ಸಣ್ಣ ಟಾಕೀಸಿಗೆ 200ರ ಮಿತಿಗಿಂತ ನೂರು ಪಟ್ಟು ಮುಖ್ಯವಾದದ್ದು ಇದು.

ಲೆಕ್ಕ ಹೀಗಿದೆ. ತೆರಿಗೆ ಬಿಟ್ಟು ದರ 100 ಇಟ್ಟರೆ ಪ್ರೇಕ್ಷಕ ಕೊಡುವುದು 105, ಟಾಕೀಸಿಗೆ ಉಳಿಯುವುದು 100. ಮಾಲೀಕ ಸಾಲದೆಂದು ಟಿಕೆಟ್ಟನ್ನು 120 ಮಾಡಿದ ಎನ್ನಿ. ಈಗ ಶೇ 18ರ ತೆರಿಗೆ ಒಳಗೇ ಸೇರಿಕೊಂಡು ಸರ್ಕಾರಕ್ಕೆ 18 ರೂಪಾಯಿ 31 ಪೈಸೆ ಹೋಗುತ್ತದೆ, ಟಾಕೀಸಿಗೆ 101 ರೂಪಾಯಿ 69 ಪೈಸೆ. ಪ್ರೇಕ್ಷಕ 15 ರೂಪಾಯಿ ಹೆಚ್ಚು ಕೊಟ್ಟ. ಗಲ್ಲಾಪೆಟ್ಟಿಗೆಗೆ ಹೆಚ್ಚು ಬಂದದ್ದು 1 ರೂಪಾಯಿ 69 ಪೈಸೆ. ಅಂದರೆ 105ಕ್ಕೂ 120ಕ್ಕೂ ನಡುವಿನ ಯಾವ ದರಕ್ಕೂ ಅರ್ಥವಿಲ್ಲ. ಬಾಲ್ಕನಿಗೆ 120, ಕೆಳಗೆ 100 ಎಂದು ಹಳೇ ಅಭ್ಯಾಸದಲ್ಲಿ ಮುಂದುವರಿಸುವ ಟಾಕೀಸು ಬಾಲ್ಕನಿಯವರನ್ನು ಸುಮ್ಮನೆ ಕಳೆದುಕೊಳ್ಳುತ್ತದೆ.

ಇದರಲ್ಲೂ ಒಂದು ಮುಳ್ಳಿದೆ. ಚಿತ್ರ ತೋರಿಸುವ ಹಕ್ಕಿಗೆ ವಿತರಕನಿಗೆ ಕೊಡುವ ಪಾಲಿನ ಮೇಲೆ ಜಿಎಸ್‌ಟಿ ಶೇ 18. ನೂರರಲ್ಲಿ 50 ವಿತರಕನಿಗೆ ಹೋದರೆ ಅದರ ಮೇಲೆ ಟಾಕೀಸು ಕಟ್ಟುವ ತೆರಿಗೆ 9 ರೂಪಾಯಿ. ಪ್ರೇಕ್ಷಕನಿಂದ ವಸೂಲಾದದ್ದು 5. ಉಳಿದ 4 ರೂಪಾಯಿ ಖಾತೆಯಲ್ಲಿ ಜಮೆಯಾಗಿ ಕೂರುತ್ತದೆ. ಸೇವೆಗಳ ಮೇಲೆ ಕಟ್ಟಿದ ಇಂಥ ಹೆಚ್ಚುವರಿ ತೆರಿಗೆ ನಗದಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಇಳಿಕೆಯ ಲಾಭ ಪ್ರೇಕ್ಷಕನಿಗೆ ಪೂರ್ತಿ, ಟಾಕೀಸಿಗೆ ಅರೆಬರೆ.

ಜತೆಗೆ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು 2024ರ ರಾಜ್ಯ ಕಾಯ್ದೆ ಟಿಕೆಟ್ಟಿನ ಮೇಲೆ ಶೇ 1ರಿಂದ 2ರ ಉಪಕರಕ್ಕೆ ಅವಕಾಶ ಕೊಟ್ಟಿದೆ. ಉದ್ದೇಶ ಒಳ್ಳೆಯದು. ಮೊತ್ತವೂ ಸಣ್ಣದು. ಆದರೆ ಹೊರೆ ಬೀಳುವುದು ಇದೇ ನೂರು ರೂಪಾಯಿಯ ಮೇಲೆ.

ಹದಿನೈದು ಜನರ ಮ್ಯಾಟಿನಿ

ಒಂದು ಉದಾಹರಣೆ ಹಿಡಿಯೋಣ. 400 ಆಸನ, ದಿನಕ್ಕೆ ನಾಲ್ಕು ಆಟ, ದರ 100. ಮಂಗಳವಾರ ಮ್ಯಾಟಿನಿಗೆ 15 ಜನ. ಕಲೆಕ್ಷನ್ 1,500. ಅರ್ಧ ವಿತರಕನಿಗೆ, ಉಳಿದದ್ದು 750.

ಪ್ರೊಜೆಕ್ಟರಿನ 3 ಕಿಲೋವಾಟಿನ ಝೆನಾನ್ ದೀಪ, ಅದರ ಎಕ್ಸಾಸ್ಟ್, ಆಂಪ್ಲಿಫೈಯರುಗಳು ಸೇರಿ ಗಂಟೆಗೆ 5 ಯೂನಿಟ್ಟಿನಷ್ಟು ವಿದ್ಯುತ್ ಎಳೆಯುತ್ತವೆ. ಎಸಿ ಹಾಕಿದರೆ ಗಂಟೆಗೆ ಇನ್ನೂ 30ರಿಂದ 35. ಮೂರು ಗಂಟೆಯ ಆಟಕ್ಕೆ ನೂರು ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 9 ರೂಪಾಯಿ ಹಿಡಿದರೆ 900. ಗೇಟ್ ಕೀಪರ್, ಆಪರೇಟರ್, ಕಸ ಗುಡಿಸುವವರ ಸಂಬಳ ಇನ್ನೂ ಸೇರಿಲ್ಲ, ಆಗಲೇ ಆಟ ನಷ್ಟದಲ್ಲಿದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ 60 ಕೆವಿಎ ಆಸುಪಾಸಿನ ಜನರೇಟರ್ ಅರ್ಧ ಹೊರೆಯಲ್ಲೇ ಗಂಟೆಗೆ 8 ಲೀಟರ್ ಡೀಸೆಲ್ ಕುಡಿಯುತ್ತದೆ. ಮೂರು ಗಂಟೆಗೆ 24 ಲೀಟರ್, ಲೀಟರಿಗೆ 90 ಎಂದರೂ 2,160 ರೂಪಾಯಿ. ಬಂದ ಕಲೆಕ್ಷನ್ನಿಗಿಂತ ಹೆಚ್ಚು.

ಆಗ ಟಾಕೀಸು ಏನು ಮಾಡುತ್ತದೆ? ಎಸಿ ಹಾಕುವುದಿಲ್ಲ. ದೀಪದ ಕರೆಂಟ್ ಇಳಿಸುತ್ತದೆ. ಹತ್ತು ಜನ ಆಗದಿದ್ದರೆ ಆಟ ರದ್ದು ಮಾಡುತ್ತದೆ. ಒಂದೊಂದಕ್ಕೂ ಪರಿಣಾಮವಿದೆ. ಕುಮಟಾ, ಕಾರವಾರದ ಕರಾವಳಿಯ ತೇವದಲ್ಲಿ ಎಸಿ ನಿಂತ ಸಭಾಂಗಣ ಮುಗ್ಗುಲು ವಾಸನೆ ಹಿಡಿಯುತ್ತದೆ, ಪರದೆಯ ಮೇಲೆ ಬೂಸ್ಟು ಕಲೆ ಬೀಳುತ್ತದೆ, ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನ ಕಿಟಕಿ ಗಾಜಿಗೂ ಲೆನ್ಸಿಗೂ ಶಿಲೀಂಧ್ರ ಕಟ್ಟುತ್ತದೆ. ಪರದೆಯ ನಡುವಿನ ಬೆಳಕು ಚದರ ಮೀಟರಿಗೆ 48 ಕ್ಯಾಂಡೆಲಾ ಇರಬೇಕೆಂಬುದು ಡಿಜಿಟಲ್ ಸಿನಿಮಾದ ಅಳತೆ. ದೀಪ ಹಳತಾಗಿ ಕರೆಂಟೂ ಇಳಿದರೆ ರಾತ್ರಿಯ ದೃಶ್ಯದಲ್ಲಿ ಮುಖವೇ ಕಾಣುವುದಿಲ್ಲ. ಯಲ್ಲಾಪುರದಿಂದಲೋ ಸಿದ್ದಾಪುರದಿಂದಲೋ ಬಸ್ಸಿನಲ್ಲಿ ಬಂದವನಿಗೆ ಕೌಂಟರಿನಲ್ಲಿ ‘ಜನ ಇಲ್ಲ, ಆಟ ಇಲ್ಲ’ ಎಂದರೆ ಅವನು ಇನ್ನೊಮ್ಮೆ ಬರುವುದಿಲ್ಲ. ಮುಂದಿನ ಮಂಗಳವಾರ ಹದಿನೈದು ಹನ್ನೆರಡಾಗುತ್ತದೆ.

ಟಾಕೀಸು ಸಾಯುವ ದಾರಿ ಇದು. ಇದರಲ್ಲಿ 200 ರೂಪಾಯಿಯ ಮಾತು ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಅದೇ ಆಟವನ್ನು ಊರಿನ ಒಂದು ಗುಂಪು ಹಿಡಿದುಕೊಂಡರೆ

ಅದೇ ಮಂಗಳವಾರ ಸಂಜೆಯ ಫಸ್ಟ್ ಶೋವನ್ನು ಚಿತ್ರ ಸಮಾಜವೋ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘವೋ ಬಾಡಿಗೆಗೆ ಹಿಡಿಯಿತು ಎನ್ನಿ. ಬಾಡಿಗೆ 6,000, ಅದರ ಮೇಲೆ ಜಿಎಸ್‌ಟಿ 1,080. ಚಿತ್ರದ ಒಂದು ಪ್ರದರ್ಶನದ ಹಕ್ಕಿಗೆ 5,000. ಒಟ್ಟು 12,080. ತಲೆಗೆ 100ರಂತೆ 121 ಜನ ಸೇರಿದರೆ ಖರ್ಚು ಹುಟ್ಟುತ್ತದೆ. 400 ಆಸನದ ಸಭಾಂಗಣದ ಮೂರನೇ ಒಂದು ಭಾಗವೂ ಇಲ್ಲ. ಟಾಕೀಸಿಗೆ ಖಚಿತ 6,000. ಎಸಿ, ಜನರೇಟರ್ ಎರಡೂ ನಡೆದರೂ ಕೈಯಲ್ಲಿ ಉಳಿಯುತ್ತದೆ. ಅಂಕಿಗಳು ಊರಿಂದೂರಿಗೆ ಬದಲಾಗುತ್ತವೆ, ಚಿತ್ರದ ಹಕ್ಕು ಕೆಲವೊಮ್ಮೆ ಬರೀ ವಿಶ್ವಾಸದ ಮೇಲೂ ಸಿಗುತ್ತದೆ. ಆದರೆ ಲೆಕ್ಕದ ಆಕಾರ ಇದೇ.

ಇದು ಈ ಸೀಮೆಗೆ ಹೊಸ ಕಲ್ಪನೆಯಲ್ಲ. ಸಿದ್ದಾಪುರದ ಗಡಿಯಾಚೆ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾ ತೋರಿಸಿದರು. ಅಲ್ಲಿ ಕಲಿಯಬೇಕಾದದ್ದು ಚಿತ್ರಗಳ ಆಯ್ಕೆಗಿಂತ ಹೆಚ್ಚಾಗಿ ಕ್ರಮ: ಗೊತ್ತುಪಡಿಸಿದ ದಿನ, ಚಿತ್ರಕ್ಕೆ ಮುಂಚೆ ಕನ್ನಡದಲ್ಲಿ ನಾಲ್ಕು ಮಾತು, ಮುಗಿದ ಮೇಲೆ ಚರ್ಚೆ. ಪ್ರೇಕ್ಷಕರನ್ನು ಕಟ್ಟಿದ್ದು ಆ ಕ್ರಮವೇ.

ಪರದೆ ಯಾರ ಕೈಯಲ್ಲಿದೆ

ಲೆಕ್ಕ ಇಷ್ಟು ಸಲೀಸಾದರೆ ಯಾಕೆ ನಡೆಯುತ್ತಿಲ್ಲ? ಮೊದಲ ತೊಡಕು ಬುಕಿಂಗ್ ಒಪ್ಪಂದದಲ್ಲಿ. ದೊಡ್ಡ ಚಿತ್ರದ ವಿತರಕ ನಾಲ್ಕೂ ಆಟ ಕೇಳುತ್ತಾನೆ, ಕನಿಷ್ಠ ಮೊದಲ ವಾರ. ನಡುವೆ ಒಂದು ಆಟ ಬೇರೆಯವರಿಗೆ ಕೊಟ್ಟರೆ ‘ಶೋ ಕಟ್’ ಎಂದು ತಕರಾರು. ಅವನ ಭಯಕ್ಕೂ ಕಾರಣವಿದೆ: ಪೋಸ್ಟರಿನಲ್ಲಿ ನಾಲ್ಕು ಆಟ ಎಂದಿದ್ದು ಮೂರೇ ನಡೆದರೆ ಚಿತ್ರ ಬಿದ್ದಿದೆ ಎಂಬ ಸುದ್ದಿ ಹರಡುತ್ತದೆ. ಟಾಕೀಸಿನವರಿಗೆ ಮುಂದಿನ ದೊಡ್ಡ ಚಿತ್ರವೂ ಅವನಿಂದಲೇ ಬರಬೇಕು, ಹಾಗಾಗಿ ಎದುರಾಡುವುದಿಲ್ಲ. ಪರಿಹಾರ ಜಗಳದಲ್ಲಿಲ್ಲ, ಒಪ್ಪಂದದ ಪತ್ರದಲ್ಲಿದೆ: ಎರಡನೇ ವಾರದಿಂದ ಮಂಗಳವಾರದ ಫಸ್ಟ್ ಶೋ ಟಾಕೀಸಿನ ಸ್ವಂತಕ್ಕೆ ಎಂಬ ಒಂದು ಸಾಲು. ಮೊದಲೇ ಬರೆದದ್ದಕ್ಕೆ ಯಾರೂ ಶೋ ಕಟ್ ಎನ್ನುವುದಿಲ್ಲ.

ಎರಡನೆಯ ತೊಡಕು ಕ್ಯಾಬಿನ್ನಿನ ಒಳಗಿದೆ, ಹೊರಗಿನವರಿಗೆ ಕಾಣುವುದಿಲ್ಲ. ರೀಲು ಹೋಗಿ ಡಿಜಿಟಲ್ ಬಂದಾಗ ಅನೇಕ ಸಣ್ಣ ಟಾಕೀಸುಗಳಿಗೆ ಪ್ರೊಜೆಕ್ಟರ್, ಸರ್ವರ್ ಕೊಳ್ಳುವ ಶಕ್ತಿ ಇರಲಿಲ್ಲ. ಡಿಜಿಟಲ್ ಸೇವಾ ಕಂಪನಿಗಳು ಭೋಗ್ಯಕ್ಕೆ ಕೊಟ್ಟವು. ಬದಲಿಗೆ ಅವಕ್ಕೆ ಜಾಹೀರಾತಿನ ಸಮಯ, ಚಿತ್ರದವರಿಂದ ವರ್ಚುವಲ್ ಪ್ರಿಂಟ್ ಶುಲ್ಕ (ರೀಲಿನ ಪ್ರತಿಯ ಬದಲು ಡಿಜಿಟಲ್ ಪ್ರದರ್ಶನಕ್ಕೆ ಕೊಡುವ ಹಣ). ಟಾಕೀಸು ಉಳಿದದ್ದು ಈ ವ್ಯವಸ್ಥೆಯಿಂದ ಎಂಬುದೂ ನಿಜ. ಆದರೆ ಪೆಟ್ಟಿಗೆ ಅವರದಾದ್ದರಿಂದ ಅದರಲ್ಲಿ ಏನು ಓಡಬೇಕೆಂಬುದರ ಕೀಲಿಯೂ ಅವರ ಬಳಿಯೇ ಉಳಿಯಿತು. ಭೋಗ್ಯದ ಒಪ್ಪಂದದಲ್ಲಿ ಚಿತ್ರಮಂದಿರಗಳು ಬೇರೆಯವರು ಸಿದ್ಧಪಡಿಸಿದ ಚಿತ್ರ ಹಾಕದಂತೆ ಕಟ್ಟಿಹಾಕಿದ್ದು ಸ್ಪರ್ಧೆಗೆ ಮಾರಕ ಎಂದು ಭಾರತೀಯ ಸ್ಪರ್ಧಾ ಆಯೋಗ 2025ರ ಏಪ್ರಿಲ್‌ನಲ್ಲಿ ಇಂಥ ಸೇವೆ ಕೊಡುವ ಯುಎಫ್‌ಒ ಮೂವೀಸ್ ಮತ್ತು ಕ್ಯೂಬ್ ಸಂಸ್ಥೆಗಳಿಗೆ ದಂಡ ಹಾಕಿತು. 200 ರೂಪಾಯಿಯ ಸುದ್ದಿಗೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲೂ ಈ ಆದೇಶಕ್ಕೆ ಸಿಗಲಿಲ್ಲ. ಕಾರವಾರದ ಹುಡುಗರು ಮಾಡಿದ ಕೊಂಕಣಿ ಚಿತ್ರವೋ ಅಂಕೋಲೆಯ ಉಪ್ಪಿನಾಗರದ ಸಾಕ್ಷ್ಯಚಿತ್ರವೋ ತಮ್ಮದೇ ಊರಿನ ಪರದೆ ಏರಬೇಕಾದರೆ ದಾಟಬೇಕಾದ ಗೋಡೆ ಇದೇ.

ಬಾಡಿಗೆ ಕೊಡುವ ಮುಂಚೆ ಮಾಲೀಕರು ತಮ್ಮ ಒಪ್ಪಂದದಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು: ಹೊರಗಿನ ಚಿತ್ರಕ್ಕೆ ಅವಕಾಶವಿದೆಯೇ, ಪ್ರೊಜೆಕ್ಟರಿನ ಎಚ್‌ಡಿಎಂಐ ಪ್ರವೇಶ ಬಳಸಬಹುದೇ, ಬಾಡಿಗೆ ಆಟದಲ್ಲೂ ಕಂಪನಿಯ ಜಾಹೀರಾತು ಕಡ್ಡಾಯವೇ. ಮೂರನೆಯದನ್ನು ಮರೆತರೆ ಶಾಲಾಮಕ್ಕಳ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ಜಾಹೀರಾತು ಓಡುತ್ತದೆ, ಸಂಘಟಕರು ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ.

ಉಚಿತ ಪ್ರದರ್ಶನಕ್ಕೂ ಅನುಮತಿ ಬೇಕು

ಇಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಟಿಕೆಟ್ ಇಲ್ಲ, ಹಾಗಾಗಿ ಅನುಮತಿ ಬೇಡ’ ಎಂಬುದು ಅದರಲ್ಲಿ ದೊಡ್ಡದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳು ಹಣ ಪಡೆಯದೆ ಮಾಡುವ ಪ್ರದರ್ಶನಕ್ಕೆ ವಿನಾಯಿತಿ ಇದೆ. ಆದರೆ ಅದು ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ ಮಾತ್ರ, ಸಿನಿಮಾಕ್ಕಲ್ಲ. ಸಿನಿಮಾಕ್ಕೆ ವಿನಾಯಿತಿ ಇರುವುದು ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಪ್ರೇಕ್ಷಕರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗೆ ಸೀಮಿತವಾದಾಗ. ಅದೇ ಕಾಲೇಜು ಊರಿನವರಿಗೂ ಬಾಗಿಲು ತೆರೆದರೆ ವಿನಾಯಿತಿ ಹೋಯಿತು. ಒಟಿಟಿಯ ಚಂದಾ ಮನೆಯ ನೋಟಕ್ಕೆ ಮಾತ್ರ. ಅದರಿಂದ ಟಾಕೀಸಿನ ಪರದೆಗೆ ಹಾಕುವುದು ಒಪ್ಪಂದ ಮುರಿದಂತೆ. ಕ್ರಿಕೆಟ್ ಪಂದ್ಯದ ನೇರ ಪ್ರಸಾರಕ್ಕೂ ಪ್ರಸಾರ ಸಂಸ್ಥೆಯ ಬೇರೆ ಅನುಮತಿ ಬೇಕು.

ಹಳೆಯ ಚಿತ್ರಗಳ ವಿಷಯ ಸ್ವಲ್ಪ ಸುಲಭ. ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ. 1965ರಲ್ಲಿ ಬಿಡುಗಡೆಯಾದ ಚಿತ್ರದ ಹಕ್ಕು 2025ರ ಡಿಸೆಂಬರ್ 31ರವರೆಗೆ. ಆದರೆ ಅದಕ್ಕೆ ಆಧಾರವಾದ ಕಾದಂಬರಿಯ ಹಕ್ಕು ಲೇಖಕ ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಆದ್ದರಿಂದ ಚಿತ್ರ ಹಳತು ಎಂಬ ಒಂದೇ ಧೈರ್ಯ ಸಾಲದು, ಮೂಲವನ್ನೂ ನೋಡಬೇಕು.

ಮುಂದಿನದು ಸೆನ್ಸಾರ್. ಪರವಾನಗಿ ಪಡೆದ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೆ ತೋರಿಸುವ ಯಾವ ಚಿತ್ರಕ್ಕೂ, ಅದು ಹತ್ತು ನಿಮಿಷದ್ದೇ ಆಗಲಿ, ಪ್ರಮಾಣಪತ್ರ ಬೇಕು. ನಮ್ಮ ರಾಜ್ಯದವರಿಗೆ ಬೆಂಗಳೂರಿನ ಪ್ರಾದೇಶಿಕ ಕಚೇರಿ, ಅರ್ಜಿ ಇ-ಸಿನೆಪ್ರಮಾಣ್ ಜಾಲತಾಣದ ಮೂಲಕ. 2023ರ ತಿದ್ದುಪಡಿಯ ನಂತರ ಯುಎ ವರ್ಗ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರ) 7, 13, 16 ವರ್ಷ ಎಂದು ಮೂರಾಗಿ ಒಡೆದಿದೆ. ಮಕ್ಕಳ ಪ್ರದರ್ಶನ ಏರ್ಪಡಿಸುವವರು ಇದನ್ನು ನೋಡಿಯೇ ಚಿತ್ರ ಆರಿಸಬೇಕು. ಪ್ರಮಾಣಪತ್ರ ಇಲ್ಲದ ಚಿತ್ರಗಳ ಉತ್ಸವಕ್ಕೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು, ಅದಕ್ಕೆ ಮುಂಚಿತವಾಗಿ ಚಿತ್ರಗಳ ಪಟ್ಟಿ, ಕಥಾಸಾರಾಂಶ ಕೊಡಬೇಕು. ಉತ್ಸವದ ದಿನ ಗೊತ್ತುಮಾಡಿ ಪೋಸ್ಟರ್ ಅಂಟಿಸಿದ ಮೇಲೆ ಅರ್ಜಿ ಹಾಕುವವರೇ ಹೆಚ್ಚು. ತೊಂದರೆಗೆ ಸಿಕ್ಕುವವರೂ ಅವರೇ.

ಸಣ್ಣ ಸಮಾಧಾನವೊಂದಿದೆ. ಚಿತ್ರಮಂದಿರದಲ್ಲಿ ಚಿತ್ರದ ಜತೆ ಕೇಳಿಸುವ ಹಾಡಿಗೆ ರಚನೆಕಾರರಿಗೆ ಬೇರೆ ಗೌರವಧನ ಕೊಡಬೇಕಾಗಿಲ್ಲ; 2012ರ ತಿದ್ದುಪಡಿ ಅದನ್ನು ಹೊರಗಿಟ್ಟಿದೆ. ಅದೇ ಹಾಡನ್ನು ವೇದಿಕೆಯಲ್ಲಿ ಕರೋಕೆ ಹಾಕಿ ಹಾಡಿದರೆ ಆ ಮಾತು ಅನ್ವಯಿಸುವುದಿಲ್ಲ.

ಕ್ಯಾಬಿನ್ನಿನಲ್ಲಿ ತಪ್ಪುವುದೆಲ್ಲಿ

ಹೊರಗಿನ ಚಿತ್ರ ಸಾಮಾನ್ಯವಾಗಿ ಡಿಸಿಪಿ (ಚಿತ್ರಮಂದಿರದ ಸರ್ವರಿಗೆಂದೇ ಕಟ್ಟಿದ ಡಿಜಿಟಲ್ ಕಡತಗಳ ಗುಚ್ಛ) ರೂಪದಲ್ಲಿ, ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಎರಡು ಗಂಟೆಯ ಚಿತ್ರ 150 ಜಿಬಿಯಷ್ಟಿರಬಹುದು. ಹಳೆಯ ಯುಎಸ್‌ಬಿ ತೂತಿನಲ್ಲಿ ಸೆಕೆಂಡಿಗೆ 30 ಎಂಬಿ ವೇಗ ಎಂದರೆ ಸರ್ವರಿಗೆ ಇಳಿಸಲು 83 ನಿಮಿಷ, ಅದೂ ನಡುವೆ ಆಟ ನಡೆಯದಿದ್ದರೆ. ಆಟಕ್ಕೆ ಅರ್ಧ ಗಂಟೆ ಮುಂಚೆ ಡಿಸ್ಕ್ ತಂದುಕೊಟ್ಟರೆ ಚಿತ್ರ ತೋರಿಸಲು ಆಗುವುದಿಲ್ಲ. ಮೂರು ದಿನ ಮುಂಚೆ ಡಿಸ್ಕ್ ಊರಿನಲ್ಲಿರಬೇಕು. ಮಳೆಗಾಲದಲ್ಲಿ ಒಂದು ವಾರ ಮುಂಚೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, 66ನೇ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಘಟ್ಟದ ರಸ್ತೆಯನ್ನೂ ಹೆದ್ದಾರಿಯನ್ನೂ ನಂಬಿ ಕೊನೆಯ ದಿನದ ಪಾರ್ಸೆಲ್ಲಿಗೆ ಕಾರ್ಯಕ್ರಮ ಕಟ್ಟಬಾರದು.

ಡಿಸಿಪಿಗೆ ಬೀಗವಿದ್ದರೆ ಕೆಡಿಎಂ ಎಂಬ ಕೀಲಿ ಕಡತ ಬೇಕು. ಅದು ಒಂದೇ ಸರ್ವರಿಗೆ, ಒಂದು ಅವಧಿಗೆ ಮಾತ್ರ ಹೊಂದುತ್ತದೆ. ಎರಡು ಕಡೆ ಎಡವುತ್ತಾರೆ. ಸರ್ವರಿನಲ್ಲಿ ಈ ಬೀಗ ತೆರೆಯುವ ಭಾಗವಾದ ಮೀಡಿಯಾ ಬ್ಲಾಕ್ ಸಿಡಿಲಿಗೆ ಸುಟ್ಟು ಬದಲಾಗಿರುತ್ತದೆ, ಕೀಲಿ ಮಾತ್ರ ಹಳೆಯ ಸಂಖ್ಯೆಗೆ ಬರುತ್ತದೆ, ಹೊಂದುವುದಿಲ್ಲ. ಇನ್ನೊಂದು ಸಮಯದ ಗೊಂದಲ. ಸಂಜೆ 6ಕ್ಕೆ ಎಂದು ಬರೆದದ್ದನ್ನು ವಿದೇಶದ ಹಂಚಿಕೆದಾರರು ಗ್ರೀನಿಚ್ ಸಮಯವೆಂದು ಹಿಡಿದರೆ ಕೀಲಿ ನಮ್ಮಲ್ಲಿ ರಾತ್ರಿ 11:30ಕ್ಕೆ ತೆರೆಯುತ್ತದೆ. ಕೀಲಿ ಕೇಳುವಾಗ ಹಿಂದಿನ ದಿನ ಬೆಳಗ್ಗೆಯಿಂದಲೇ ಅವಧಿ ಕೇಳಿ, ಭಾರತೀಯ ಸಮಯ ಎಂದು ಸ್ಪಷ್ಟವಾಗಿ ಬರೆದು, ಹಿಂದಿನ ರಾತ್ರಿ ಸೆಕೆಂಡ್ ಶೋ ಮುಗಿದ ಮೇಲೆ ಮೊದಲ ಐದು ನಿಮಿಷ, ನಡುವೆ ಎರಡು ನಿಮಿಷ, ಕೊನೆಯ ಎರಡು ನಿಮಿಷ ಓಡಿಸಿ ನೋಡಬೇಕು. ಸಬ್‌ಟೈಟಲ್ ಕನ್ನಡದಲ್ಲಿದ್ದರೆ ಚಿತ್ರದೊಳಗೇ ಅಚ್ಚಾಗಿ ಬರಲಿ. ಬೇರೆ ಕಡತವಾಗಿ ಬಂದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಟಾಕೀಸಿನ ಸರ್ವರ್ ಡಿಸಿಪಿ ಓದದ ಜಾತಿಯದಾದರೆ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ದಾರಿ. ಸಾಮಾನ್ಯ ತಂತಿ 10 ಮೀಟರ್ ದಾಟಿದರೆ ಚಿತ್ರ ಮಿಣುಕುತ್ತದೆ, ಆಪ್ಟಿಕಲ್ ತಂತಿ ತರಬೇಕು. ಧ್ವನಿಯಲ್ಲಿ ಗುಂಯ್ ಎಂಬ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗಿನ ಸುತ್ತು (ಎರಡು ಕಡೆಯ ಅರ್ಥಿಂಗ್ ತಂತಿಗಳ ನಡುವೆ ಹರಿಯುವ ಕರೆಂಟು), ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಹೋಗುತ್ತದೆ.

ಪರದೆಯ ಮುಂದಿನ ಆರು ಅಡಿ

ಟಾಕೀಸನ್ನು ಸಿನಿಮಾಕ್ಕಷ್ಟೇ ಯಾಕೆ ಬಿಡಬೇಕು ಎಂಬ ಮಾತು ಸರಿಯೇ. ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವುದು ಮಳೆಗಾಲದಲ್ಲಿ. ಆಗ ಸೂರಿನಡಿ ಕೂತು ಮಾಡುವ ತಾಳಮದ್ದಲೆಗೆ ಸುಗ್ಗಿ. ಚಿತ್ರಮಂದಿರದ ಗೋಡೆಗಳು ಸದ್ದನ್ನು ಹೀರಿಕೊಳ್ಳುವಂತೆ ಮಾಡಿದವು, ಮರುದನಿ ಕಡಿಮೆ. ಹಾಗಾಗಿ ಅರ್ಥಧಾರಿಯ ಮಾತು ಸಮುದಾಯ ಭವನಕ್ಕಿಂತ ಇಲ್ಲಿ ಎಷ್ಟೋ ಸ್ವಚ್ಛವಾಗಿ ಕೇಳುತ್ತದೆ. ಕುಣಿತಕ್ಕೆ ಮಾತ್ರ ಜಾಗ ಸಾಲದು. ಪರದೆಯ ಮುಂದೆ ಇರುವುದು ಹೆಚ್ಚೆಂದರೆ ಐದಾರು ಅಡಿ.

ಎಚ್ಚರ ಬೇಕಾದ ಸಂಗತಿಗಳು ಕೆಲವೇ, ಆದರೆ ಒಂದೊಂದೂ ದುಬಾರಿ. ದೀಪ ಬೆಳಗುವುದನ್ನು ಪರದೆಯ ಬುಡದಲ್ಲಿ ಮಾಡಬಾರದು. ಎಣ್ಣೆಯ ಮಸಿಯೂ ಊದುಬತ್ತಿಯ ಹೊಗೆಯೂ ಪರದೆಯ ಬಿಳಿ ಲೇಪಕ್ಕೆ ಹಿಡಿದರೆ ತೊಳೆಯಲು ಬರುವುದಿಲ್ಲ, ಸಣ್ಣ ತೂತುಗಳು ಮುಚ್ಚಿ ಹಿಂದಿನ ಸ್ಪೀಕರಿನ ಸದ್ದೂ ಮಂಕಾಗುತ್ತದೆ. ದೀಪ ಲಾಬಿಯಲ್ಲಿರಲಿ. ಮೈಕನ್ನು ಪರದೆಯ ಹಿಂದಿನ ಸ್ಪೀಕರುಗಳಿಗೆ ಜೋಡಿಸಿದರೆ ಕೂಗು ಏಳುವುದು ಖಂಡಿತ, ಏಕೆಂದರೆ ಮೈಕು ನಿಂತಿರುವುದೇ ಅವುಗಳ ಎದುರು. ಬದಿಯಲ್ಲಿ ಬೇರೆ ಸ್ಪೀಕರ್ ಇಡಬೇಕು. ಸಿನಿಮಾ ಪರವಾನಗಿ ಜಿಲ್ಲಾಧಿಕಾರಿ ಕೊಡುವುದು ಸಿನಿಮಾಕ್ಕೆ. ಬೇರೆ ಕಾರ್ಯಕ್ರಮಕ್ಕೆ ಪೊಲೀಸ್ ಅನುಮತಿ, ಧ್ವನಿವರ್ಧಕದ ಅನುಮತಿ ಬೇರೆ ತೆಗೆದುಕೊಳ್ಳಬೇಕು.

ಮತ್ತು ಜನ ಹೆಚ್ಚಾದರೆ ಓಣಿಯಲ್ಲಿ ಕುರ್ಚಿ ಹಾಕುವ ಅಭ್ಯಾಸ. ಇದು ಎಂದೂ ಕೂಡದು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಿ ಹೊರದಾರಿ ಮುಚ್ಚಿದ್ದು ಸಾವು ಹೆಚ್ಚಲು ಒಂದು ಕಾರಣ. ಪರವಾನಗಿಯಲ್ಲಿ 400 ಎಂದಿದ್ದರೆ ನಾನೂರೊಂದನೆಯವರಿಗೆ ಕೈಮುಗಿದು ಇನ್ನೊಂದು ದಿನ ಬರಹೇಳಬೇಕು.

ಕರಾವಳಿಗೊಂದು, ಘಟ್ಟದ ಮೇಲೊಂದು ಕ್ಯಾಲೆಂಡರ್

ಶುಕ್ರವಾರದಿಂದ ಗುರುವಾರದ ವಾರ ಬೆಂಗಳೂರಿನ ಗಾಂಧಿನಗರದ ಚಿತ್ರೋದ್ಯಮದ್ದು. ಊರಿನ ಪ್ರೇಕ್ಷಕರ ಬಿಡುವು ಬೇರೆ ಲೆಕ್ಕದಲ್ಲಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದ ಬೋಟಿನವರು ದಡದಲ್ಲಿರುತ್ತಾರೆ. ಬಿಡುವಿದೆ, ಕೈಯಲ್ಲಿ ಕಾಸು ಕಡಿಮೆ. ಆಗ 50 ರೂಪಾಯಿಯ ಮಧ್ಯಾಹ್ನದ ಆಟಕ್ಕೆ ಬರುವವರು 120ಕ್ಕೆ ಬರುವುದಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಸುಲಿಯುವ ಕೆಲಸ, ಯಾರೂ ಮನೆ ಬಿಡುವುದಿಲ್ಲ. ಕೊಯ್ಲು ಮುಗಿದ ಮೇಲೆ ಪೇಟೆ ತುಂಬುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಶಿರಸಿಗೆ ಶಿರಸಿಯೇ ರಾತ್ರಿಯಿಡೀ ಎಚ್ಚರ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ನೋಡಿ ಫಸ್ಟ್ ಶೋವನ್ನು 6:30ರ ಬದಲು 5ಕ್ಕೆ ಇಟ್ಟರೆ ಬೇರೇ ಪ್ರೇಕ್ಷಕವರ್ಗ ಸಿಗುತ್ತದೆ. ವಿತರಕರ ಪಟ್ಟಿಯಲ್ಲಿ ಈ ಯಾವುದಕ್ಕೂ ಜಾಗವಿಲ್ಲ. ಊರಿನ ಗುಂಪಿಗೆ ಮಾತ್ರ ಗೊತ್ತಿರುವ ಸಂಗತಿಗಳಿವು.

ಕಾರವಾರಕ್ಕೆ ಇನ್ನೊಂದು ಅನುಕೂಲವಿದೆ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತಿರುವ ಪಣಜಿ ಬಸ್ಸಿನಲ್ಲಿ ಕೆಲವು ಗಂಟೆಯ ದಾರಿ. ಗೋವೆಯ ಕೊಂಕಣಿ ಚಿತ್ರಗಳಿಗೆ ಗಡಿಯ ಈಚೆ ಭಾಷೆ ಗೊತ್ತಿರುವ ಪ್ರೇಕ್ಷಕರಿದ್ದಾರೆ, ಪರದೆ ಸಿಗುತ್ತಿಲ್ಲ.

ಇನ್ನು ಮುಂದೆ

200ರ ಮಿತಿ ಕೊನೆಗೆ ಊರ್ಜಿತವಾದರೆ ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿನಲ್ಲಿ ದೊಡ್ಡ ಚಿತ್ರದ ದರ ಇಳಿಯುತ್ತದೆ. ಆಗ ಶಿರಸಿ, ಯಲ್ಲಾಪುರದಿಂದ ವಾರಾಂತ್ಯಕ್ಕೆ ಅಲ್ಲಿಗೆ ಹೋಗುವ ಯುವಕರು ಹೆಚ್ಚಬಹುದೇ ಹೊರತು ಕಡಿಮೆಯಾಗಲಾರರು. ಅಂದರೆ ಸಣ್ಣ ಟಾಕೀಸಿಗೆ ಅದು ತುಸು ನಷ್ಟವೇ. ಬಿದ್ದುಹೋದರೆ ನಮ್ಮ ಕಡೆ ಇದ್ದದ್ದು ಇದ್ದಂತೆ. 75 ಆಸನದ ವಿನಾಯಿತಿಯನ್ನು ನೋಡಿ ದೊಡ್ಡ ಸಭಾಂಗಣವನ್ನು ಎರಡು ಮೂರು ಪುಟ್ಟ ಪರದೆಗಳಾಗಿ ಒಡೆಯುವ ಯೋಚನೆ ಕೆಲವು ಮಾಲೀಕರಿಗೆ ಬಂದೀತು. ಒಂದು ಪರದೆ ವಿತರಕರಿಗೆ, ಒಂದು ಊರಿಗೆ ಎಂದಾದರೆ ಅದು ಒಳ್ಳೆಯದೇ. ಆದರೆ ಪ್ರತಿ ಪರದೆಗೂ ಬೇರೆ ಹೊರದಾರಿ, ಬೇರೆ ಪ್ರೊಜೆಕ್ಟರ್, ನಡುವೆ ಸದ್ದು ದಾಟದ ಗೋಡೆ ಬೇಕು. ತಾಳಮದ್ದಲೆಗೆ, ಶಾಲೆಗಳಿಗೆ ಬೇಕಾದ ನಾನೂರು ಆಸನದ ಒಂದೇ ಜಾಗ ಶಾಶ್ವತವಾಗಿ ಹೋಗುತ್ತದೆ.

ಸರ್ಕಾರ ಸಣ್ಣ ಟಾಕೀಸಿಗೆ ನಿಜಕ್ಕೂ ನೆರವಾಗುವುದಿದ್ದರೆ ದರದ ಮಿತಿಗಿಂತ ಸುಲಭದ ಕೆಲಸಗಳಿವೆ. ವರ್ಷಕ್ಕೆ ಇಂತಿಷ್ಟು ಸಮುದಾಯ ಪ್ರದರ್ಶನಗಳಿಗೆ ಜಿಲ್ಲಾಡಳಿತದಿಂದ ಒಂದೇ ಅನುಮತಿ. 100 ರೂಪಾಯಿಯೊಳಗಿನ ಟಿಕೆಟ್ ಮಾರುವ ಚಿತ್ರಮಂದಿರಗಳಲ್ಲಿ ಖಾತೆಯಲ್ಲಿ ಸಿಕ್ಕಿಬಿದ್ದ ತೆರಿಗೆಯ ಪ್ರಶ್ನೆಯನ್ನು ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯವೇ ಎತ್ತುವುದು. ಭೋಗ್ಯದ ಪ್ರೊಜೆಕ್ಟರ್ ಒಪ್ಪಂದಗಳು ಸ್ಪರ್ಧಾ ಆಯೋಗದ ಆದೇಶದಂತೆ ಬದಲಾಗಿವೆಯೇ ಎಂದು ಮಾಲೀಕರ ಸಂಘ ಪತ್ರ ಹಿಡಿದು ಪರಿಶೀಲಿಸುವುದು. ಕೊನೆಯದಕ್ಕೆ ಸರ್ಕಾರವೂ ಬೇಡ. ಒಪ್ಪಂದದ ಪ್ರತಿ ಟಾಕೀಸಿನ ಕಪಾಟಿನಲ್ಲೇ ಇದೆ. ಜೂನ್ 1ಕ್ಕೆ ಬೋಟುಗಳು ದಡ ಸೇರುವ ಹೊತ್ತಿಗೆ ಆ ಪತ್ರ ಓದಿ, ವಿತರಕನ ಜತೆ ಮಂಗಳವಾರದ ಒಂದು ಸಾಲು ಬರೆಸಿಕೊಂಡ ಟಾಕೀಸಿಗೆ ಜೂನ್, ಜುಲೈ ಎರಡೇ ತಿಂಗಳಲ್ಲಿ ಒಂಬತ್ತರವರೆಗೆ ಮಂಗಳವಾರ ಕೈಗೆ ಸಿಗಬಹುದು.